ಬೇಸಾಯಗಾರರ ಟಾರ್ಚು ದೀಪ: ಬೆಳಕಿಗೂ ಸೆಲ್ಲಿನ ಬಾಳಿಕೆಗೂ ಇರುವ ಲೆಕ್ಕ

ರಾತ್ರಿಯ ವೇಳೆಯಲ್ಲಿ ಮನೆಯನ್ನು ಬಿಟ್ಟು ಹೊಲಗದ್ದೆಗಳಿಗೆ ಹೋಗಬೇಕಾದ ಪ್ರಮೇಯವು ಬೇಸಾಯಗಾರನಿಗೆ ವರ್ಷದ ಎಲ್ಲಾ ತಿಂಗಳುಗಳಲ್ಲಿಯೂ ಉಂಟು. ಕೆರೆಯ ಕೆಳಗಣ ಗದ್ದೆಗೆ ನೀರಿನ ಸರದಿಯು ನಡುರಾತ್ರಿಗೆ ಬರಬಹುದು. ಕೊಳವೆಬಾವಿಯ ಪಂಪಿಗೆ ಮೂರು ಫೇಸಿನ ವಿದ್ಯುಚ್ಛಕ್ತಿಯು ರಾತ್ರಿಯ ಪಾಳಿಯಲ್ಲಿ ದೊರೆಯತಕ್ಕ ಕಡೆಗಳಲ್ಲಿ ಸ್ಟಾರ್ಟರಿನ ಬಳಿಗೆ ಎರಡು ಮೂರಾವೃತ್ತಿ ಹೋಗಿ ಬರಬೇಕಾಗುವುದು. ಕಣದಲ್ಲಿ ರಾಗಿಯ ಮೆದೆಯಿದ್ದರೆ ಕಾವಲು, ಕಡಲೆಕಾಯಿಯ ಹೊಲಕ್ಕೆ ಹಂದಿಯ ಭಯವಿದ್ದರೆ ಕಾವಲು, ಕೊಟ್ಟಿಗೆಯಲ್ಲಿ ಹಸುವು ಕರುಹಾಕುವ ಸಮಯವಾದರೆ ಜಾಗರಣೆ. ಈ ಎಲ್ಲಾ ಕೆಲಸಗಳಿಗೂ ಲಾಂದ್ರವು ಹೋಗಿ ಟಾರ್ಚು ಬಂದು ಬಹುಕಾಲವಾಯಿತು. ಆದರೆ ಅಂಗಡಿಯಲ್ಲಿ ಟಾರ್ಚನ್ನು ಆರಿಸುವಾಗ ಬಹುಮಂದಿ ಎದುರಿನ ಗೋಡೆಯ ಮೇಲೆ ಬೀಳುವ ಬೆಳಕಿನ ಪ್ರಖರತೆಯೊಂದನ್ನೇ ನೋಡಿ ಹಣವನ್ನು ಕೊಟ್ಟು ಬರುತ್ತಾರೆ. ಆ ಬೆಳಕು ಎಷ್ಟು ಹೊತ್ತು ನಿಲ್ಲುವುದೆಂದು ಕೇಳುವವರು ವಿರಳ. ಕೇಳಿದರೂ, ಪೆಟ್ಟಿಗೆಯ ಮೇಲೆ ಅಚ್ಚುಮಾಡಿರುವ ಗಂಟೆಗಳ ಸಂಖ್ಯೆಯನ್ನು ನಂಬುವುದಲ್ಲದೆ ಅದನ್ನು ಪರಿಶೀಲಿಸುವ ಮಾರ್ಗವು ಅವರಿಗೆ ತಿಳಿಯದು. ಆ ಮಾರ್ಗವು ಕಷ್ಟವಾದುದಲ್ಲ. ಗುಣಾಕಾರ ಭಾಗಾಕಾರಗಳು ಬಂದರೆ ಸಾಕು. ಅದನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ದೀಪವನ್ನೇ 'ಬ್ಯಾಟರಿ' ಎಂದು ಕರೆಯುವ ವಾಡಿಕೆಯುಂಟು. ಇದರಿಂದ ಅಂಗಡಿಯವನು ಒಂದನ್ನು ಹೇಳಿ ಕೊಳ್ಳುವವನು ಮತ್ತೊಂದನ್ನು ತಿಳಿಯುವ ಸಂದರ್ಭಗಳುಂಟು. ಆದುದರಿಂದ ಇಲ್ಲಿ ದೀಪವನ್ನು ಟಾರ್ಚು ಎಂದೂ, ಅದರೊಳಗೆ ಹಾಕತಕ್ಕ ವಿದ್ಯುತ್ತಿನ ಕೋಶವನ್ನು ಸೆಲ್ಲು ಎಂದೂ ಬರೆದಿದೆ.

ಇದು ಕೇವಲ ಹಣದ ಉಳಿತಾಯದ ಸಂಗತಿಯೆಂದು ಯಾರೂ ಭಾವಿಸಬಾರದು. ೨೦೦೦ನೆಯ ಇಸವಿಯಿಂದ ೨೦೧೯ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆಯು ಸುಮಾರು ೧೨ ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಿಂದ ತಿಳಿದುಬಂದಿದೆ. ಇವುಗಳಲ್ಲಿ ಸುಮಾರು ಅರ್ಧ ಭಾಗದ ಮರಣಗಳು ಮಳೆಗಾಲದಲ್ಲಿಯೇ ಆದುವು. ನಮ್ಮ ರಾಜ್ಯದ ಸರ್ಕಾರದವರು ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ವಿಷಯವನ್ನಾಗಿ ಮಾಡಿದರು. ಕೊಳಕುಮಂಡಲವು ಬಹುಮಟ್ಟಿಗೆ ರಾತ್ರಿಯಲ್ಲಿ ಸಂಚರಿಸತಕ್ಕದ್ದು. ಅದು ಬದುವಿನ ಒಣಹುಲ್ಲಿನಲ್ಲಿ ಕದಲದೆ ಬಿದ್ದಿರುತ್ತದೆ, ತುಳಿದರೆ ಕಚ್ಚುತ್ತದೆ. ಕಟ್ಟುಹಾವು ರಾತ್ರಿಯಲ್ಲಿ ಮನೆಯೊಳಕ್ಕೇ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನಡುರಾತ್ರಿಯಲ್ಲಿ ಗದ್ದೆಯ ಬದುವಿನ ಮೇಲೆ, ಮನೆಗೆ ಇನ್ನೂ ಅರ್ಧ ಮೈಲಿಯಿರುವಾಗ, ಟಾರ್ಚು ನಂದಿಹೋದವನ ಸ್ಥಿತಿಯನ್ನು ತಾವೇ ಊಹಿಸಬಹುದು. ಅಂಗಡಿಯಲ್ಲಿ ಅವನ ಟಾರ್ಚು ಎಷ್ಟು ಪ್ರಖರವಾಗಿತ್ತೆಂಬುದು ಆ ಹೊತ್ತಿನಲ್ಲಿ ಯಾವ ಉಪಯೋಗಕ್ಕೂ ಬಾರದು.

ಟಾರ್ಚಿನ ಚರಿತ್ರೆಯಲ್ಲಿಯೇ ಈ ಸಮಸ್ಯೆಯು ಅಡಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಫ್ಲಾಷ್ ಲೈಟ್' ಎಂಬ ಹೆಸರು ಬಂದುದು, ಮೊದಲಿನ ಟಾರ್ಚುಗಳು ಮಿಂಚಿನಂತೆ ಕ್ಷಣಮಾತ್ರ ಹೊಳೆದು ನಿಲ್ಲುತ್ತಿದ್ದುದರಿಂದ. ೧೮೯೯ನೆಯ ಇಸವಿ ಜನವರಿಯಲ್ಲಿ ಡೇವಿಡ್ ಮಿಸೆಲ್ ಎಂಬವರಿಗೆ ಅಮೆರಿಕದಲ್ಲಿ ಕೊಳವೆಯಾಕಾರದ ಟಾರ್ಚಿನ ಪೇಟೆಂಟು ದೊರೆಯಿತು. ಆಗಿನ ಸೆಲ್ಲುಗಳೂ ಇಂಗಾಲದ ಎಳೆಯ ಬಲ್ಬುಗಳೂ ಬಹು ದುರ್ಬಲವಾಗಿದ್ದುದರಿಂದ, ಗುಂಡಿಯನ್ನು ಒತ್ತಿ, ಬೇಕಾದುದನ್ನು ನೋಡಿಕೊಂಡು, ಒಡನೆಯೇ ಬಿಡಬೇಕಾಗಿತ್ತು. ಅನಂತರ ಬಂದ ಎರಡು ಸೆಲ್ಲಿನ ಎಳೆಬಲ್ಬಿನ ಟಾರ್ಚು, ನಮ್ಮ ಹಿರಿಯರು ಬಹುಕಾಲ ಉಪಯೋಗಿಸಿದಂಥಾದ್ದು, ಒಂದು ವಾಟಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್ತನ್ನು ತೆಗೆದುಕೊಂಡು ಸುಮಾರು ಹತ್ತು ಲ್ಯೂಮೆನ್ನಿನಷ್ಟು ಬೆಳಕನ್ನು ಕೊಡುತ್ತಿದ್ದಿತು. ಈಗಿನ ಎಲ್.ಇ.ಡಿ. ದೀಪವು ಅಷ್ಟೇ ವಿದ್ಯುತ್ತಿನಿಂದ ಅದರ ಹತ್ತುಪಟ್ಟು ಬೆಳಕನ್ನು ಕೊಡುತ್ತದೆ. ಇದಕ್ಕೆ ಆಧಾರವಾದ ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಜಪಾನಿನ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಾಕಮುರ ಇವರಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನವು ಸಂದಿತು. ಹತ್ತುಪಟ್ಟು ಲಾಭವು ಕೈಗೆ ಬಂದ ಮೇಲೆ, ಹಿಂದಿನಷ್ಟೇ ಬೆಳಕಿನಿಂದ ಹತ್ತುಪಟ್ಟು ಹೊತ್ತು ಉರಿಯುವ ಟಾರ್ಚನ್ನು ಮಾಡಬಹುದಾಗಿತ್ತು. ವ್ಯಾಪಾರಿಗಳು ಹಾಗೆ ಮಾಡದೆ ನೂರುಪಟ್ಟು ಬೆಳಕನ್ನು ಕೊಡಹೊರಟರು. ಏತಕ್ಕೆಂದರೆ ಅಂಗಡಿಯ ಗೋಡೆಯ ಮೇಲೆ ಬೆಳಕು ಕಾಣುತ್ತದೆ, ಗಂಟೆಗಳು ಕಾಣುವುದಿಲ್ಲ.

ಬೆಳಕಿನ ಲೆಕ್ಕ

ಸೆಲ್ಲನ್ನು ಕೆರೆಯೆಂದು ಭಾವಿಸಬೇಕು. ದೀಪದ ಪ್ರಖರತೆಯೇ ಅದರ ತೂಬು. ಕೆರೆಯಲ್ಲಿರುವ ನೀರಿಗೆ ಮಿತಿಯುಂಟು. ತೂಬನ್ನು ಬೆರಳಗಲ ತೆಗೆದರೆ ಹದಿನೈದು ದಿನ ಹರಿಯುವ ನೀರು ಪೂರ್ತಿ ತೆಗೆದರೆ ಒಂದು ದಿನದಲ್ಲಿ ಬರಿದಾಗುವುದು. ಕೆರೆಯ ನೀರನ್ನು ಅಳೆಯುವಂತೆ ಸೆಲ್ಲಿನ ಶಕ್ತಿಯನ್ನು ಅಳೆಯತಕ್ಕ ಮಾನಕ್ಕೆ ವಾಟ್-ಗಂಟೆಯೆಂದು ಹೆಸರು. ಸೆಲ್ಲಿನ ಮೈಮೇಲೆ ಇದನ್ನು ನೇರವಾಗಿ ಬರೆದಿರದಿದ್ದರೆ ಹೀಗೆ ಕಂಡುಹಿಡಿಯಬಹುದು: ಅದರ ಮೇಲೆ ಎಂ.ಎ.ಎಚ್. ಎಂದು ಕಾಣಿಸಿರುವ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ, ಬಂದುದನ್ನು ಸೆಲ್ಲಿನ ವೋಲ್ಟಿನಿಂದ ಗುಣಿಸಬೇಕು. ಈಗ ಟಾರ್ಚುಗಳಲ್ಲಿ ಬಹಳವಾಗಿ ಬರುತ್ತಿರುವ '೧೮೬೫೦' ಎಂಬ ಲಿಥಿಯಂ ಸೆಲ್ಲನ್ನು ತೆಗೆದುಕೊಳ್ಳೋಣ. ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದವೆಂಬುದೇ ಈ ಹೆಸರಿನ ಅರ್ಥ. ಅದು ೩,೦೦೦ ಎಂ.ಎ.ಎಚ್., ೩.೬ ವೋಲ್ಟಿನದಾದರೆ, ಅದರಲ್ಲಿರುವ ಶಕ್ತಿಯು ೧೦.೮ ವಾಟ್-ಗಂಟೆ.

ಇನ್ನು ಬೆಳಕು. ದೀಪದಿಂದ ಹೊರಡುವ ಒಟ್ಟು ಬೆಳಕಿನ ಮಾನಕ್ಕೆ ಲ್ಯೂಮೆನ್ ಎಂದು ಹೆಸರು. ಒಂದು ಮೇಣದ ಬತ್ತಿಯು ಸುಮಾರು ೧೨ ಲ್ಯೂಮೆನ್ನುಗಳನ್ನು ಕೊಡುವುದು. ಒಳ್ಳೆಯ ಎಲ್.ಇ.ಡಿ. ಟಾರ್ಚು ಎಲ್ಲಾ ನಷ್ಟಗಳನ್ನೂ ಕಳೆದು ಒಂದು ವಾಟಿಗೆ ಸುಮಾರು ೧೦೦ ಲ್ಯೂಮೆನ್ನುಗಳನ್ನು ಕೊಡುವುದೆಂದು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಅಗ್ಗದ ಟಾರ್ಚುಗಳಲ್ಲಿ ಇದು ಇನ್ನೂ ಕಡಿಮೆ. ಈಗ ಸೂತ್ರವು ಸುಲಭವಾಯಿತು: ವಾಟ್-ಗಂಟೆಗಳನ್ನು ನೂರರಿಂದ ಗುಣಿಸಿ, ಬೇಕಾದ ಲ್ಯೂಮೆನ್ನುಗಳಿಂದ ಭಾಗಿಸಿದರೆ ಬರತಕ್ಕದ್ದೇ ಗಂಟೆಗಳು. ಮೇಲೆ ಹೇಳಿದ ಸೆಲ್ಲಿನಿಂದ ೧,೦೦೦ ಲ್ಯೂಮೆನ್ನಿನ ಬೆಳಕು ಒಂದು ಗಂಟೆಗೆ ಸ್ವಲ್ಪ ಮೇಲೆ. ೩೦೦ ಲ್ಯೂಮೆನ್ನಾದರೆ ಮೂರೂವರೆ ಗಂಟೆ. ೧೦೦ ಆದರೆ ಹತ್ತು ಗಂಟೆಗೆ ಮೇಲೆ, ಎಂದರೆ ಇಡೀ ರಾತ್ರಿ. ೩೦ ಆದರೆ ೩೬ ಗಂಟೆ, ದಿನಕ್ಕೆ ಒಂದು ಗಂಟೆಯಂತೆ ಬಳಸಿದರೆ ಒಂದು ತಿಂಗಳಿಗೂ ಮೇಲೆ.

ಹೀಗಿರುವಾಗ ಒಂದೇ ಸೆಲ್ಲಿನ ಟಾರ್ಚಿನ ಪೆಟ್ಟಿಗೆಯ ಮೇಲೆ '೧,೦೦೦ ಲ್ಯೂಮೆನ್, ೪ ಗಂಟೆ' ಎಂದು ಬರೆದಿದ್ದರೆ ಅದಕ್ಕೆ ನಲವತ್ತು ವಾಟ್-ಗಂಟೆಗಳು ಬೇಕಾಗುವುದು. ಸೆಲ್ಲಿನಲ್ಲಿರುವುದು ಹನ್ನೊಂದು ಮಾತ್ರ. ಹಾಗಾದರೆ ಬರೆದವರು ಸುಳ್ಳನ್ನು ಬರೆದರೋ? ಯಾವಾಗಲೂ ಹಾಗೆ ಹೇಳಲಾಗದು, ಅಲ್ಲಿಯೇ ಸೂಕ್ಷ್ಮವಿರುವುದು. ಟಾರ್ಚುಗಳನ್ನು ಅಳೆಯುವುದಕ್ಕೆ ಅಮೆರಿಕದಲ್ಲಿ ೨೦೦೯ರಲ್ಲಿ ಏರ್ಪಟ್ಟು ಈಚೆಗೆ ತಿದ್ದುಪಡಿಯಾದ 'ಎ.ಎನ್.ಎಸ್.ಐ. ಎಫ್.ಎಲ್. ೧' ಎಂಬ ನಿಬಂಧನೆಯೊಂದಿದೆ. ತಯಾರಕರು ತಾವಾಗಿ ಒಪ್ಪಿ ಅನುಸರಿಸತಕ್ಕ ನಿಬಂಧನೆಯಿದು. ಹೊರದೇಶಗಳಿಂದ ಬರುವ ಅನೇಕ ಟಾರ್ಚುಗಳ ಪೆಟ್ಟಿಗೆಗಳ ಮೇಲೆ ಇದರ ಚಿಹ್ನೆಗಳಿರುತ್ತವೆ. ಇದರ ಪ್ರಕಾರ ಬೆಳಕನ್ನು ದೀಪವನ್ನು ಹಚ್ಚಿದ ಅರ್ಧ ನಿಮಿಷದಿಂದ ಎರಡು ನಿಮಿಷಗಳೊಳಗೆ ಅಳೆಯುತ್ತಾರೆ. ಗಂಟೆಗಳನ್ನಾದರೋ, ಬೆಳಕು ಮೊದಲಿನದರ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. ಈ ಎರಡು ಸಂಖ್ಯೆಗಳೂ ಪ್ರತ್ಯೇಕವಾಗಿ ಸತ್ಯವೇ. ಒಟ್ಟಿಗೆ ಓದಿದಾಗ ಮೋಸಗೊಳಿಸುತ್ತವೆ. ಆ ಟಾರ್ಚು ಮೂರು ನಿಮಿಷ ೧,೦೦೦ ಲ್ಯೂಮೆನ್ನುಗಳಿಂದ ಉರಿದು, ಮೈ ಕಾದೊಡನೆ ತಾನಾಗಿ ೨೫೦ಕ್ಕೆ ಇಳಿದು, ನಾಲ್ಕು ಗಂಟೆಗಳ ಕಾಲ ಹಾಗೆಯೇ ಇದ್ದರೂ ಬರೆದುದು ಸರಿಯೇ ಆಯಿತು. ಎಂದರೆ, ಕೊಂಡವನು ಸಾವಿರ ಲ್ಯೂಮೆನ್ನಿಗೆ ಹಣವನ್ನು ಕೊಟ್ಟು ಮನೆಗೆ ತಂದುದು ೨೫೦ ಲ್ಯೂಮೆನ್ನಿನ ಟಾರ್ಚನ್ನು.

ಹೀಗೆ ಇಳಿಯುವುದು ಯಂತ್ರದ ದೋಷವಲ್ಲ. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಲೋಹದ ಕೊಳವೆಯು ಹತ್ತು ವಾಟಿನ ಶಾಖವನ್ನು ಹೊರಕ್ಕೆ ಬಿಡಲಾರದು. ಇಳಿಯದಿದ್ದರೆ ಕೈ ಸುಡುವುದು, ಎಲ್.ಇ.ಡಿ.ಯೂ ಕೆಡುವುದು. ಆದುದರಿಂದ ಚಿಕ್ಕ ಟಾರ್ಚಿನ ಅತಿ ಹೆಚ್ಚಿನ ಮೆಟ್ಟಿಲನ್ನು ಎರಡು ಮೂರು ನಿಮಿಷಗಳ ತುರ್ತಿಗೆಂದು ಮಾತ್ರ ಎಣಿಸಿ, ಕೊಳ್ಳುವಾಗ ಅದರ ಮಧ್ಯದ ಮೆಟ್ಟಿಲನ್ನೇ ನೋಡತಕ್ಕದ್ದು. ಪೆಟ್ಟಿಗೆಯ ಮೇಲೆ ಪ್ರತಿಯೊಂದು ಮೆಟ್ಟಿಲಿಗೂ ಪ್ರತ್ಯೇಕವಾಗಿ ಲ್ಯೂಮೆನ್ನುಗಳನ್ನೂ ಗಂಟೆಗಳನ್ನೂ ಕಾಣಿಸಿರುವ ಟಾರ್ಚಿಗೂ, ಒಂದೇ ಒಂದು ದೊಡ್ಡ ಸಂಖ್ಯೆಯನ್ನು ಕೆಂಪಕ್ಷರದಲ್ಲಿ ಬರೆದಿರುವ ಟಾರ್ಚಿಗೂ ನನ್ನ ಅಭಿಪ್ರಾಯದಲ್ಲಿ ಬಹಳ ಅಂತರವುಂಟು. ಎರಡನೆಯದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಲೇಸು.

ದೂರದ ವಿಷಯದಲ್ಲಿಯೂ ಇಂಥದೇ ಒಂದು ನಿಯಮವಿದೆ. ಬೆಳಕು ದೂರ ಹೋದಂತೆ ಹರಡಿಕೊಳ್ಳುವುದರಿಂದ, ಅದೇ ಟಾರ್ಚಿನಿಂದ ಎರಡರಷ್ಟು ದೂರವನ್ನು ಕಾಣಬೇಕಾದರೆ ನಾಲ್ಕರಷ್ಟು ಬೆಳಕು ಬೇಕು. ಮೂರರಷ್ಟು ದೂರಕ್ಕೆ ಒಂಬತ್ತರಷ್ಟು. ಎಂದರೆ, ಎರಡರಷ್ಟು ದೂರವನ್ನು ಬಯಸಿದವನು ಸೆಲ್ಲಿನ ಬಾಳಿಕೆಯನ್ನು ಕಾಲು ಭಾಗಕ್ಕೆ ಇಳಿಸಿಕೊಂಡಂತಾಯಿತು. ಇದಲ್ಲದೆ, ನಮ್ಮ ಕಣ್ಣು ಬೆಳಕಿನ ಹೆಚ್ಚಳವನ್ನು ಅದು ಇರುವಷ್ಟಾಗಿ ಗ್ರಹಿಸುವುದಿಲ್ಲ. ೨೦೦ ಲ್ಯೂಮೆನ್ನಿನ ಟಾರ್ಚನ್ನೂ ೩೦೦ ಲ್ಯೂಮೆನ್ನಿನದನ್ನೂ ಬೇರೆ ಬೇರೆ ರಾತ್ರಿಗಳಲ್ಲಿ ಹಿಡಿದು ನಡೆದವನಿಗೆ ಯಾವುದು ಯಾವುದೆಂದು ಹೇಳುವುದು ಕಷ್ಟವಾದೀತು. ಸೆಲ್ಲಿಗೆ ಮಾತ್ರ ಆ ವ್ಯತ್ಯಾಸವು ಚೆನ್ನಾಗಿ ತಿಳಿಯುವುದು.

ಪೆಟ್ಟಿಗೆಯ ಮೇಲೆ ಮೀಟರುಗಳಲ್ಲಿ ಬರೆದಿರುವ ದೂರವನ್ನು ಕೂಡ ಅರಿತು ಓದಬೇಕು. ಬೆಳಕು ಹುಣ್ಣಿಮೆಯ ಬೆಳದಿಂಗಳಿನಷ್ಟು ಕ್ಷೀಣವಾಗುವ ದೂರವನ್ನೇ ಮೇಲೆ ಹೇಳಿದ ನಿಬಂಧನೆಯಲ್ಲಿ ಟಾರ್ಚಿನ ದೂರವೆಂದು ಹಿಡಿದಿದೆ. ಬೆಳದಿಂಗಳಲ್ಲಿ ಇನ್ನೂರು ಮೀಟರಿನಾಚೆ ನಿಂತಿರುವುದು ಹಂದಿಯೋ ಹಸುವೋ ಎಂದು ಯಾರು ಹೇಳಬಲ್ಲರು? ಬರೆದಿರುವ ದೂರದ ಅರ್ಧಕ್ಕೆ ಬೆಳಕು ನಾಲ್ಕರಷ್ಟಾಗುವುದು. ಆದುದರಿಂದ ಅರ್ಧವನ್ನೇ ನಿಜವಾದ ಉಪಯೋಗದ ದೂರವೆಂದು ತಿಳಿಯುವುದು ಕ್ಷೇಮ.

ಹಾಗಾದರೆ ಬೇಸಾಯಗಾರನಿಗೆ ಎಷ್ಟು ಬೆಳಕು ಬೇಕು? ಬದುವಿನ ಮೇಲೆ ನಡೆಯುವವನಿಗೆ ನೂರು ಮೀಟರು ಮುಂದೆ ಏನಿದೆಯೆಂಬುದು ಮುಖ್ಯವಲ್ಲ. ಮುಂದಿನ ನಾಲ್ಕೈದು ಹೆಜ್ಜೆಗಳಲ್ಲಿ ಏನಿದೆಯೆಂಬುದು ಮುಖ್ಯ. ಇದಕ್ಕೆ ಹರಡಿಕೊಂಡು ಬೀಳುವ ೫೦ರಿಂದ ೧೦೦ ಲ್ಯೂಮೆನ್ನುಗಳು ಧಾರಾಳವಾಗಿ ಸಾಕು. ತಿಳಿದ ದಾರಿಯಾದರೆ ೩೦ ಸಾಕು. ಸಣ್ಣ ಚುಕ್ಕೆಯಂತೆ ಬೀಳುವ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಈ ಕೆಲಸಕ್ಕೆ ಒಗ್ಗದು. ಏತಕ್ಕೆಂದರೆ ಚುಕ್ಕೆಯ ಆಚೆ ಈಚೆ ಕತ್ತಲೆಯು ಮತ್ತಷ್ಟು ಗಾಢವಾಗಿ ಕಾಣುವುದು, ಹಾವು ಇರುವುದೂ ಅಲ್ಲಿಯೇ. ಬೆಳಕಿನ ಬಣ್ಣವನ್ನೂ ಗಮನಿಸಬೇಕು. ನೀಲಿ ಛಾಯೆಯ ಬೆಳಕು ಹೆಚ್ಚು ಪ್ರಖರವಾಗಿ ತೋರಿದರೂ ಅದರಲ್ಲಿ ಕೆಂಪಿನ ಅಂಶವು ಕಡಿಮೆಯಾದುದರಿಂದ, ಒಣಗಿದ ತರಗೂ ಕಂದುಬಣ್ಣದ ಮಂಡಲದ ಹಾವೂ ಒಂದೇ ಬೂದುಬಣ್ಣವಾಗಿ ಕಾಣುವುವು. ಸ್ವಲ್ಪ ಹಳದಿಗೆ ತಿರುಗಿದ, ಬಣ್ಣಗಳನ್ನು ಸರಿಯಾಗಿ ತೋರಿಸತಕ್ಕ ದೀಪವು ಲ್ಯೂಮೆನ್ನುಗಳಲ್ಲಿ ಕಡಿಮೆಯಿದ್ದರೂ ಈ ಉಪಯೋಗಕ್ಕೆ ಮೇಲು.

ಸ್ಟಾರ್ಟರಿನ ಪೆಟ್ಟಿಗೆಯನ್ನು ನೋಡುವುದಕ್ಕೂ, ಕೊಟ್ಟಿಗೆಯಲ್ಲಿ ಹಸುವಿನ ಬಳಿ ಕುಳಿತಿರುವುದಕ್ಕೂ ೨೦ರಿಂದ ೫೦ ಲ್ಯೂಮೆನ್ನುಗಳೇ ಸಾಕು. ಹೆಚ್ಚಾದರೆ ಹತ್ತಿರದ ವಸ್ತುವಿನಿಂದ ಬೆಳಕು ಹಿಂದಿರುಗಿ ಕಣ್ಣು ಕೋರೈಸುವುದು. ಕತ್ತಲೆಗೆ ಪೂರ್ತಿಯಾಗಿ ಒಗ್ಗಿಕೊಳ್ಳುವುದಕ್ಕೆ ಕಣ್ಣಿಗೆ ಅರ್ಧ ಗಂಟೆಯಷ್ಟು ಹೊತ್ತು ಬೇಕು. ಒಮ್ಮೆ ಪ್ರಖರವಾದ ಬೆಳಕನ್ನು ನೋಡಿದರೆ ಆ ಒಗ್ಗಿಕೆಯು ಕೆಟ್ಟುಹೋಗುವುದು. ಮಂಜು ಬೀಳುವ ಪ್ರದೇಶಗಳಲ್ಲಿಯೂ ಅಷ್ಟೇ: ಬೆಳಕನ್ನು ಹೆಚ್ಚಿಸಿದಷ್ಟೂ ಎದುರಿಗೆ ಬಿಳಿಯ ಗೋಡೆಯೇ ಕಾಣುವುದು.

ಹೊಲದ ಆಚೆಯ ಅಂಚಿನಲ್ಲಿ ಹಂದಿಯಿದೆಯೋ ಎಂದು ನೋಡುವ ಕಾವಲುಗಾರನ ಕೆಲಸವೊಂದಕ್ಕೆ ಮಾತ್ರ ದೂರಕ್ಕೆ ಹೋಗುವ ಕಿರಿದಾದ ಬೆಳಕು ಬೇಕು. ಇದಕ್ಕೂ ಲ್ಯೂಮೆನ್ನುಗಳಿಗಿಂತ ಬೆಳಕನ್ನು ಒಟ್ಟುಗೂಡಿಸುವ ಆಳವಾದ ಕನ್ನಡಿಯೇ ಮುಖ್ಯ. ಕ್ಯಾಂಡೆಲಾ ಎಂಬ ಮಾನದಲ್ಲಿ ಇದನ್ನು ಬರೆದಿರುತ್ತಾರೆ. ೧೦,೦೦೦ ಕ್ಯಾಂಡೆಲಾ ಇದ್ದರೆ ಬರೆಹದ ದೂರವು ೨೦೦ ಮೀಟರು, ಉಪಯೋಗದ ದೂರವು ನೂರು ಮೀಟರು. ೪೦,೦೦೦ ಇದ್ದರೆ ಎರಡೂ ಇಮ್ಮಡಿ. ಇಂಥ ಟಾರ್ಚನ್ನು ಅರ್ಧ ಗಂಟೆಗೊಮ್ಮೆ ಕೆಲವು ಕ್ಷಣ ಹಚ್ಚಿ ಆರಿಸುವುದರಿಂದ ಬಾಳಿಕೆಯ ತೊಂದರೆಯು ಅಷ್ಟಾಗಿ ಬಾರದು. ಆನೆಗಳ ಸಂಚಾರವಿರುವ ಊರುಗಳವರು ಒಂದನ್ನು ನೆನಪಿನಲ್ಲಿಡಬೇಕು: ಟಾರ್ಚು ಆನೆಯನ್ನು ಓಡಿಸುವ ಆಯುಧವಲ್ಲ, ಅದು ಎಷ್ಟು ದೂರದಲ್ಲಿದೆಯೆಂದು ತಿಳಿದು ಹಿಂದಕ್ಕೆ ಬರುವುದಕ್ಕಾಗಿ ಇರುವ ಸಾಧನ.

ಇಷ್ಟನ್ನು ನೋಡಿದರೆ, ಎರಡು ಸಾವಿರ ಲ್ಯೂಮೆನ್ನಿನ ಒಂದು ಟಾರ್ಚನ್ನು ಕೊಳ್ಳುವುದಕ್ಕಿಂತ, ಬದುವಿಗೂ ಮನೆಗೂ ಹರಡುವ ಬೆಳಕಿನ ೨೦೦ ಅಥವಾ ೩೦೦ ಲ್ಯೂಮೆನ್ನಿನ ಜೇಬಿನ ಟಾರ್ಚನ್ನೂ, ಕಾವಲಿನ ಅಗತ್ಯವಿದ್ದವರು ದೂರದ ಬೆಳಕಿನದೊಂದನ್ನೂ ಬೇರೆಯಾಗಿ ಇಟ್ಟುಕೊಳ್ಳುವುದು ವಿವೇಕವೆಂದು ತೋರುತ್ತದೆ. ಜೇಬಿನ ಟಾರ್ಚಿನಲ್ಲಿ ಕಡಿಮೆ ಬೆಳಕಿನ ಮೆಟ್ಟಿಲು ಇದ್ದೇ ಇರಬೇಕು. ಗುಂಡಿಯನ್ನು ಒತ್ತಿದೊಡನೆ ಮೊದಲು ಬರುವುದು ಕಡಿಮೆಯ ಬೆಳಕಾದರೆ ಅಥವಾ ಹಿಂದಿನ ಸಲ ಇಟ್ಟುದೇ ಆದರೆ ಉತ್ತಮ. ಒತ್ತಿದಷ್ಟೂ ಮಿಣುಕು ಮಿಣುಕೆಂದು ಹೊಡೆದುಕೊಳ್ಳುವ ಏರ್ಪಾಡು ಮಕ್ಕಳ ಆಟಕ್ಕೆ ಸರಿ; ಬದುವಿನ ಮೇಲೆ ಅದನ್ನು ದಾಟಿ ಬೇಕಾದ ಬೆಳಕಿಗೆ ಬರುವಷ್ಟರಲ್ಲಿ ಕಾಲು ಎಲ್ಲಿ ಬಿದ್ದಿತೋ!

ಸೆಲ್ಲುಗಳ ವಿಚಾರ

ಊರಿನ ಅಂಗಡಿಯಲ್ಲಿ ಸಿಕ್ಕುವ ಸಾಧಾರಣ ಸತುವಿನ ಸೆಲ್ಲು ಅಗ್ಗವಾದುದು. ಆದರೆ ಅದರಿಂದ ಜೋರಾಗಿ ವಿದ್ಯುತ್ತನ್ನು ಎಳೆದರೆ ಅದರ ಶಕ್ತಿಯ ಬಹುಭಾಗವು ಹೊರಕ್ಕೆ ಬಾರದೆಯೇ ಉಳಿದುಹೋಗುವುದು. ತೂಬಿನ ಹೋಲಿಕೆಯು ಇಲ್ಲಿ ಸಾಲದು: ಈ ಕೆರೆಯಲ್ಲಿ ತೂಬನ್ನು ಹೆಚ್ಚಾಗಿ ತೆಗೆದರೆ ನೀರು ಬೇಗ ಮುಗಿಯುವುದು ಮಾತ್ರವಲ್ಲ, ಸ್ವಲ್ಪ ನೀರು ಹೂಳಿನಲ್ಲಿಯೇ ನಿಂತುಹೋಗುವುದು. ಸ್ವಲ್ಪ ಹೊತ್ತು ಬಿಟ್ಟರೆ ಅದು ಮತ್ತೆ ಊರಿ ಬರುವುದು. ಇಂಥ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ದೂಡುವ ಹಳೆಯ ಅಭ್ಯಾಸಕ್ಕೆ ಇದೇ ಕಾರಣ. ಆ ಅಭ್ಯಾಸವನ್ನು ಲಿಥಿಯಂ ಸೆಲ್ಲುಗಳ ವಿಷಯದಲ್ಲಿ ಎಷ್ಟುಮಾತ್ರಕ್ಕೂ ಅನುಸರಿಸಕೂಡದು. ಅವು ಬಿಸಿಲಿನಿಂದ ಕೆಡುವುವು, ಬೆಂಕಿ ಹತ್ತುವ ಅಪಾಯವೂ ಉಂಟು.

ಕ್ಷಾರದ ಸೆಲ್ಲು ಸತುವಿನದಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದು. ಆದರೆ ತೀರಿದ ಮೇಲೆ ಟಾರ್ಚಿನೊಳಗೇ ಬಿಟ್ಟರೆ ಸೋರಿ ತಗಡನ್ನು ತಿಂದುಹಾಕುವುದು. ಪುನಃ ಪುನಃ ಚಾರ್ಜು ಮಾಡಬಹುದಾದ ನಿಕಲ್ ಸೆಲ್ಲು ಪೆನ್ನಿನ ಸೆಲ್ಲಿನ ಗಾತ್ರದಲ್ಲಿಯೇ ಸಿಕ್ಕುತ್ತದೆ, ೨,೦೦೦ ಎಂ.ಎ.ಎಚ್., ೧.೨ ವೋಲ್ಟಿನಂತೆ ಎರಡು ಸೆಲ್ಲಿಗೆ ೪.೮ ವಾಟ್-ಗಂಟೆ, ಎಂದರೆ ನೂರು ಲ್ಯೂಮೆನ್ನಿಗೆ ನಾಲ್ಕೂವರೆ ಗಂಟೆಗಳಿಗೆ ಮೇಲೆ. ನೂರಾರು ಸಲ ಚಾರ್ಜು ಮಾಡಬಹುದಾದುದರಿಂದಲೂ, ತುರ್ತಿನಲ್ಲಿ ಅದೇ ಟಾರ್ಚಿಗೆ ಊರಿನ ಅಂಗಡಿಯ ಸೆಲ್ಲನ್ನು ಹಾಕಬಹುದಾದುದರಿಂದಲೂ, ಪಟ್ಟಣಕ್ಕೆ ದೂರವಾದ ಹಳ್ಳಿಗಳಿಗೆ ಇದು ಬಹಳ ಅನುಕೂಲ. ಯಾವ ಜಾತಿಯದಾದರೂ ಹಳೆಯ ಸೆಲ್ಲನ್ನೂ ಹೊಸದನ್ನೂ ಬೆರೆಸಿ ಹಾಕಬಾರದು.

ಲಿಥಿಯಂ ಸೆಲ್ಲು ಶಕ್ತಿಯಲ್ಲಿ ಎಲ್ಲಕ್ಕೂ ಮೇಲು. ಆದರೆ ಪೇಟೆಯಲ್ಲಿ ೯,೯೦೦ ಎಂ.ಎ.ಎಚ್. ಎಂದು ಚೀಟಿ ಅಂಟಿಸಿದ ೧೮೬೫೦ ಸೆಲ್ಲುಗಳು ಕಾಣಬರುತ್ತವೆ. ಈ ಗಾತ್ರದ ಒಳ್ಳೆಯ ಸೆಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ೨,೫೦೦ರಿಂದ ೩,೫೦೦ ಮಾತ್ರ. ೯,೯೦೦ ಎಂಬುದು ಶುದ್ಧ ಸುಳ್ಳು. ಚಿನ್ನಬೆಳ್ಳಿಯ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಒಳ್ಳೆಯ ಸೆಲ್ಲು ಸುಮಾರು ೪೫ ಗ್ರಾಂ ಬರಬೇಕು. ಬಹಳ ಹಗುರವಾಗಿದ್ದರೆ ಒಳಗೆ ಸರಕಿಲ್ಲವೆಂದು ತಿಳಿಯತಕ್ಕದ್ದು. ಮೇಲಿನ ಸಿಪ್ಪೆ ಹರಿದ, ಉಬ್ಬಿದ, ನೀರಿನಲ್ಲಿ ನೆನೆದ ಸೆಲ್ಲನ್ನು ಚಾರ್ಜಿಗೆ ಹಾಕಕೂಡದು. ರಾತ್ರಿಯಿಡೀ ಹಾಸಿಗೆಯ ಬಳಿ ಚಾರ್ಜಿಗಿಟ್ಟು ಮಲಗುವುದೂ ತರವಲ್ಲ. ಸೆಲ್ಲನ್ನು ಹೊರಕ್ಕೆ ತೆಗೆಯಲು ಬರುವಂಥ ಟಾರ್ಚನ್ನೇ ಕೊಳ್ಳುವುದು ಮೇಲು. ಏಕೆಂದರೆ ಕೆಲವು ವರ್ಷಗಳಲ್ಲಿ ಸೆಲ್ಲು ಕುಗ್ಗುತ್ತದೆ, ಸೆಲ್ಲನ್ನು ಒಳಗೇ ಬೆಸೆದಿರುವ ಟಾರ್ಚು ಆಗ ಮೂಲೆಗೆ ಸೇರುತ್ತದೆ.

ಸಂತೆಗಳಲ್ಲಿ ಮಾರುವ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸತಕ್ಕ ಪ್ಲಾಸ್ಟಿಕ್ಕಿನ ದೊಡ್ಡ ಟಾರ್ಚುಗಳಲ್ಲಿ ಅನೇಕವಕ್ಕೆ ಸೀಸದ ಪುಟ್ಟ ಬ್ಯಾಟರಿಯಿರುತ್ತದೆ. ಇವು ಅಗ್ಗ, ಬೆಳಕೂ ಚೆನ್ನ. ಇವುಗಳ ಸ್ವಭಾವವೇನೆಂದರೆ, ಪೂರ್ತಿ ಬರಿದುಮಾಡಿ ಹಾಗೆಯೇ ಬಿಟ್ಟರೆ ಬಹುಬೇಗ ಕೆಡುವುವು. ಬಳಸಿದ ದಿನವೇ ಚಾರ್ಜಿಗೆ ಇಡುವ ಶಿಸ್ತು ಮನೆಯಲ್ಲಿದ್ದರೆ ಮಾತ್ರ ಇದನ್ನು ಕೊಳ್ಳಬೇಕು.

ಸೆಲ್ಲು ಇಳಿಯುವಾಗ ಟಾರ್ಚುಗಳ ನಡತೆಯು ಎರಡು ಬಗೆ. ಕೆಲವು ಮೊದಲಿನಿಂದಲೂ ನಿಧಾನವಾಗಿ ಮಂಕಾಗುತ್ತಾ ಹೋಗುವುವು. ಇವುಗಳಲ್ಲಿ ಬೆಳಕು ಅರ್ಧವಾದುದೂ ಕಣ್ಣಿಗೆ ತಿಳಿಯದು, ಆದರೆ ಕೊನೆಯವರೆಗೆ ಏನಾದರೊಂದು ಮಿಣುಕು ಇರುವುದು. ಬೇರೆ ಕೆಲವು ಒಳಗಿನ ನಿಯಂತ್ರಕದ ಬಲದಿಂದ ಒಂದೇ ಸಮನಾಗಿ ಉರಿದು, ಸೆಲ್ಲು ತೀರಿದೊಡನೆ ಥಟ್ಟನೆ ಆರುವುವು. ಎರಡನೆಯ ಬಗೆಯು ಕೆಲಸಕ್ಕೆ ಉತ್ತಮ. ಆದರೆ ಆರುವುದಕ್ಕೆ ಮುಂಚೆ ಕೆಂಪು ದೀಪದಿಂದಲೋ ಬೆಳಕನ್ನು ಇಳಿಸುವುದರಿಂದಲೋ ಎಚ್ಚರಿಕೆಯನ್ನು ಕೊಡದಿದ್ದರೆ ಅದನ್ನು ಬದುವಿಗೆ ಒಯ್ಯುವುದು ಅಪಾಯಕರ.

ಈ ಸಂಗತಿಗಳನ್ನೆಲ್ಲಾ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಕತ್ತಲೆಯ ಕೋಣೆಯಲ್ಲಿ, ಸುಣ್ಣ ಬಳಿದ ಸೂರಿನ ಕಡೆಗೆ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ, ತುಂಬಿದ ಸೆಲ್ಲಿನಿಂದ ಮಧ್ಯದ ಮೆಟ್ಟಿಲಿನಲ್ಲಿ ಹಚ್ಚಿ, ಗಡಿಯಾರವನ್ನು ನೋಡಿಕೊಳ್ಳಬೇಕು. ಬೆಳಕನ್ನು ಅಳೆಯುವ ಆಪ್ ಇರುವ ಮೊಬೈಲನ್ನು ಮೇಜಿನ ಮೇಲೆ ಒಂದೇ ಕಡೆ ಇಟ್ಟು ಕಾಲು ಗಂಟೆಗೊಮ್ಮೆ ಅಂಕಿಯನ್ನು ಬರೆದುಕೊಳ್ಳಬೇಕು. ಆ ಅಂಕಿಯು ಸ್ವತಃ ಸರಿಯೋ ತಪ್ಪೋ ಎಂಬುದು ಮುಖ್ಯವಲ್ಲ, ಮೊದಲಿನದರ ಅರ್ಧಕ್ಕೆ ಎಷ್ಟು ಹೊತ್ತಿಗೆ ಇಳಿಯಿತೆಂಬುದೇ ಮುಖ್ಯ. ಪೆಟ್ಟಿಗೆಯ ಮೇಲಿನ ಗಂಟೆಗಳನ್ನು ಬಿಟ್ಟು, ಅರ್ಧಕ್ಕಿಳಿದ ಈ ಗಂಟೆಗಳನ್ನೇ ಟಾರ್ಚಿನ ಬಾಳಿಕೆಯೆಂದು ಗುರುತುಹಾಕಿಕೊಳ್ಳತಕ್ಕದ್ದು. ತುಂಬಿದ ಸೆಲ್ಲಿನ ಈ ಬಾಳಿಕೆಯು ಒಂದು ರಾತ್ರಿಯ ಅಗತ್ಯದ ಎರಡರಷ್ಟಾದರೂ ಇಲ್ಲದಿದ್ದರೆ, ಆ ಟಾರ್ಚು ಎಷ್ಟು ಪ್ರಖರವಾಗಿದ್ದರೂ ನೀರುಕಟ್ಟುವ ಕೆಲಸಕ್ಕೆ ತಕ್ಕುದಲ್ಲ.

ಗ್ರಾಮ ಪಂಚಾಯಿತಿಯ ವತಿಯಿಂದ ನೀರುಗಂಟಿಗಳಿಗೆ ಟಾರ್ಚುಗಳನ್ನು ಕೊಳ್ಳುವಾಗ ಮುಖಂಡರು ಮೊದಲು ಒಂದನ್ನು ತರಿಸಿ, ಈ ಪರೀಕ್ಷೆಯನ್ನು ಮಾಡಿಸಿ, ಅನಂತರ ಉಳಿದುವನ್ನು ತರಿಸಬಹುದು. ನೀರಿನಲ್ಲಿಯೇ ಕೆಲಸಮಾಡುವವರಾದುದರಿಂದ 'ಐ.ಪಿ.ಎಕ್ಸ್. ೭' ಎಂಬ ಗುರುತನ್ನು ನೋಡತಕ್ಕದ್ದು; ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಒಳಕ್ಕೆ ನೀರು ಹೋಗದೆಂದು ಅದರ ಅರ್ಥ. 'ಐ.ಪಿ.ಎಕ್ಸ್. ೪' ಆದರೆ ಎರಚಲನ್ನು ಮಾತ್ರ ತಡೆಯುವುದು. ಎರಡು ಕೈಗಳಿಗೂ ಕೆಲಸವಿರುವವರಿಗೆ, ಎಂದರೆ ಗುದ್ದಲಿಯನ್ನು ಹಿಡಿದು ಮಡೆ ತಿರುಗಿಸುವವರಿಗೆ, ತಲೆಗೆ ಕಟ್ಟುವ ದೀಪವೇ ಅನುಕೂಲ. ಲೆಕ್ಕವು ಅದಕ್ಕೂ ಇದೇ.

ಮೊಬೈಲಿನಲ್ಲಿಯೇ ದೀಪವಿರುವಾಗ ಟಾರ್ಚೇಕೆಂದು ಕೆಲವರು ಕೇಳುವುದುಂಟು. ಅದರ ಬೆಳಕು ಹತ್ತಿರದ ಕೆಲಸಕ್ಕೆ ಸಾಕಾದರೂ, ದೀಪಕ್ಕಾಗಿ ಮೊಬೈಲಿನ ಬ್ಯಾಟರಿಯನ್ನು ಖರ್ಚುಮಾಡಿದವನಿಗೆ ಆಪತ್ತಿನ ಕಾಲದಲ್ಲಿ ೧೦೮ಕ್ಕೆ ಕರೆಮಾಡುವ ಸಾಧನವೇ ಇಲ್ಲದಂತಾಗುವುದು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರದವರನ್ನು ಹುಡುಕುವುದು ಇವುಗಳಲ್ಲಿ ಹೊತ್ತನ್ನು ಕಳೆಯದೆ, ಕಚ್ಚಿದ ಅಂಗವನ್ನು ಅಲ್ಲಾಡಿಸದಂತೆ ಇಟ್ಟು, ವಿಷಕ್ಕೆ ಪ್ರತಿಮದ್ದು ಇರುವ ಆಸ್ಪತ್ರೆಗೆ ಒಡನೆಯೇ ಸಾಗಿಸಬೇಕಾದುದರಿಂದ ಮೊಬೈಲು ಆ ಹೊತ್ತಿಗೆ ಜೀವಂತವಾಗಿರಲೇಬೇಕು. ಟಾರ್ಚಿದ್ದರೂ ಕಾಲಿಗೆ ಬೂಟು, ಕೈಯಲ್ಲಿ ನೆಲವನ್ನು ತಟ್ಟುತ್ತಾ ಹೋಗುವುದಕ್ಕೆ ಕೋಲು ಬೇಕೆಂಬುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ಮುಂಗಾರಿಗೆ ಮುಂಚೆ ಮನೆಯಲ್ಲಿರುವ ಟಾರ್ಚುಗಳನ್ನೆಲ್ಲಾ ಹೊರಕ್ಕೆ ತೆಗೆದು, ಸೆಲ್ಲು ತಾಗುವ ತಗಡುಗಳನ್ನು ಒಣಬಟ್ಟೆಯಿಂದ ಒರೆಸಿ, ಮುಚ್ಚಳದ ರಬ್ಬರಿನ ಬಳೆ ಹರಿದಿದ್ದರೆ ಹೊಸದನ್ನು ಹಾಕಬೇಕು. ಮೃದುವಾಗಿ ಒತ್ತುವ ಗುಂಡಿಯ ಟಾರ್ಚುಗಳಲ್ಲಿ ಕೆಲವು ಆರಿಸಿದ್ದರೂ ಸ್ವಲ್ಪ ಸ್ವಲ್ಪವಾಗಿ ಸೆಲ್ಲನ್ನು ಹೀರುತ್ತಿರುತ್ತವೆ. ಜ್ಞಾಪಕವಿಲ್ಲದೆ ಜೇಬಿನಲ್ಲಿಯೇ ಹತ್ತಿಕೊಳ್ಳುವುದೂ ಉಂಟು. ಅಂಥವುಗಳ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಟ್ಟರೆ ಎರಡೂ ನಿಲ್ಲುವುವು. ತೀರಿದ ಸೆಲ್ಲುಗಳನ್ನು ತಿಪ್ಪೆಗೆ ಎಸೆಯುವ ವಾಡಿಕೆಯನ್ನು ಬಿಡಬೇಕು. ಆ ತಿಪ್ಪೆಯೇ ಹೊಲಕ್ಕೆ ಗೊಬ್ಬರವಾಗತಕ್ಕದ್ದು. ೨೦೨೨ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯು ತಯಾರಕರದು. ಊರಿನ ಸೆಲ್ಲುಗಳನ್ನು ಒಣಗಿದ ಡಬ್ಬಿಯೊಂದರಲ್ಲಿ, ಲಿಥಿಯಂ ಸೆಲ್ಲುಗಳ ಎರಡು ತುದಿಗಳಿಗೂ ಟೇಪನ್ನು ಅಂಟಿಸಿ, ಪಂಚಾಯಿತಿಯಲ್ಲಿ ಕೂಡಿಸಿಟ್ಟು ಪಟ್ಟಣಕ್ಕೆ ಹೋಗುವವರ ಕೈಯಲ್ಲಿ ಕಳುಹಿಸಬಹುದು.